ಗ್ರಂಥಾಲಯ ಕರ ಸಾಗಿ ಬಂದ ದಾರಿ

ಪಟ್ಟಣಗಳಲ್ಲಿ ಆಸ್ತಿ ತೆರಿಗೆ ಕಟ್ಟುವ ನಾವು, ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆಯನ್ನು ಗ್ರಂಥಾಲಯ ಕರವಾಗಿಯೂ ಕಟ್ಟುತ್ತೇವೆ. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಗ್ರಂಥಾಲಯ ಏಕೆ ಬೇಕು ಎಂದು ಕೇಳುವವರು ಈ 6 ಪೈಸೆಯ ಚರಿತ್ರೆಯನ್ನು ಒಮ್ಮೆ ನೋಡಬೇಕು.

1915ರಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ, ಇಂದು ರಾಜ್ಯ ಕೇಂದ್ರ ಗ್ರಂಥಾಲಯವಿರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ತಲೆಯೆತ್ತಿದಾಗ ಗ್ರಂಥಾಲಯವೆಂಬುದು ಅರಸೊತ್ತಿಗೆಯ ಕಾಲದ ಉದಾರತೆಯಾಗಿತ್ತು. ಏಕೀಕರಣದ ವೇಳೆಗೆ ದಕ್ಷಿಣ ಕನ್ನಡಕ್ಕೆ ಮದ್ರಾಸಿನ 1948ರ ಗ್ರಂಥಾಲಯ ಕಾಯಿದೆಯೂ ಕಲಬುರಗಿಯ ಕಡೆಗೆ ಹೈದರಾಬಾದಿನ 1955ರ ಕಾಯಿದೆಯೂ ಅನ್ವಯಿಸುತ್ತಿದ್ದವು. ಮದ್ರಾಸಿನ ಕಾಯಿದೆಗೆ ಬಹುಪಾಲು ಕಾರಣರಾಗಿದ್ದ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಬೆಂಗಳೂರಿನಲ್ಲಿ ನೆಲೆಸಿದ್ದ ಕಾಲದಲ್ಲೇ, 1965ರಲ್ಲಿ, ಇಡೀ ರಾಜ್ಯಕ್ಕೆ ಅನ್ವಯಿಸುವ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. ಓದು ದಾನವಾಗಿ ಉಳಿಯದೆ ಹಕ್ಕಾದದ್ದು ಇಲ್ಲಿ.

ನಾವು ಕಟ್ಟುವ ಗ್ರಂಥಾಲಯ ಕರ ಈ ಕಾಯಿದೆಯದೇ; ತೊಡಕೂ ಅದರ ಏರ್ಪಾಟಿನಲ್ಲೇ ಇದೆ. ಕರವನ್ನು ವಸೂಲು ಮಾಡುವುದು ಸ್ಥಳೀಯ ಸಂಸ್ಥೆ; ಖರ್ಚು ಮಾಡುವುದು ಗ್ರಂಥಾಲಯ ಪ್ರಾಧಿಕಾರ. ಒಂದು ಕೈಯಿಂದ ಇನ್ನೊಂದು ಕೈಗೆ ಹಣ ದಾಟುವ ನಡುವೆ ಬೇರೆ ತುರ್ತುಗಳು ಎದುರಾಗುತ್ತವೆ, ಬಾಕಿ ಬೆಳೆಯುತ್ತದೆ, ಅದು ನೂರಾರು ಕೋಟಿಗೆ ಮುಟ್ಟಿದ್ದೂ ಉಂಟು. ಹಣ ಬಾರದಿದ್ದರೆ ಮೊದಲು ನಿಲ್ಲುವುದು ಪುಸ್ತಕ ಖರೀದಿ. ಸಗಟು ಖರೀದಿಯನ್ನೇ ನೆಚ್ಚಿದ ಕನ್ನಡದ ಸಣ್ಣ ಪ್ರಕಾಶಕರು ವರ್ಷಗಟ್ಟಲೆ ಬಿಲ್ಲಿಗಾಗಿ ಕಾಯುತ್ತಾರೆ. ಕಪಾಟಿನಲ್ಲಿ ಹೊಸ ಪುಸ್ತಕ ಕಾಣದ ಓದುಗ ಬರುವುದನ್ನು ಬಿಡುತ್ತಾನೆ. ಆಮೇಲೆ ಓದುಗರೇ ಇಲ್ಲವೆಂಬ ಮಾತು ಹುಟ್ಟುತ್ತದೆ. ಈ ಮಾತು ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡುತ್ತದೆ ಎಂಬುದು ನನ್ನ ಅನಿಸಿಕೆ.

ಹಳ್ಳಿಗಳಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. 2019ರಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಮರುವರ್ಷ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು, ಮಕ್ಕಳು ಬಂದರು. ಇಂದು 'ಅರಿವು ಕೇಂದ್ರ'ಗಳೆನಿಸಿರುವ ಈ ಕೋಣೆಗಳಲ್ಲಿ ಹಲವು ಕಡೆ ಕಂಪ್ಯೂಟರೂ ಇದೆ. ಇವನ್ನು ನಡೆಸುತ್ತಿರುವವರು ಬಹುಕಾಲ ಅತ್ಯಲ್ಪ ಗೌರವಧನಕ್ಕೇ ದುಡಿದ ಮೇಲ್ವಿಚಾರಕರು ಎಂಬುದನ್ನು ಮಾತ್ರ ಮರೆಯಲಾಗದು.

ಪಟ್ಟಣದ ವಾಚನಾಲಯಗಳಲ್ಲಿ ಈಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರೇ ಹೆಚ್ಚು. ಬಾಡಿಗೆ ಕೋಣೆಯಲ್ಲಿ ಓದಲು ಜಾಗವಿಲ್ಲದ ಅವರಿಗೆ ಬೇಕಾದದ್ದು ಒಂದು ಮೇಜು, ಫ್ಯಾನು, ಶುಚಿಯಾದ ಶೌಚಾಲಯ, ರಾತ್ರಿಯವರೆಗೂ ತೆರೆದಿರುವ ಬಾಗಿಲು. ವಸೂಲಾದ ಕರ ಆಗಿಂದಾಗಲೇ ಪ್ರತ್ಯೇಕ ಖಾತೆಗೆ ಜಮೆಯಾಗಿ, ಅದರ ಲೆಕ್ಕ ಪ್ರತಿ ವರ್ಷ ಆಯಾ ಗ್ರಂಥಾಲಯದ ಸೂಚನಾ ಫಲಕದಲ್ಲೇ ಕಾಣುವಂತಾದರೆ, ಇಷ್ಟನ್ನು ಒದಗಿಸಲು ಹೊಸ ತೆರಿಗೆಯ ಮಾತೆತ್ತುವ ಮೊದಲು ಹಳೆಯದರಲ್ಲಿ ಎಷ್ಟು ಬರಬೇಕಿದೆ ಎಂಬುದನ್ನು ಅಲ್ಲಿ ಕೂತು ಓದುವವರೇ ಹೇಳಬಲ್ಲರು.