ಏಳು ಚೀಟಿ, ಎರಡು ನಂಬರ್

ದಕ್ಷಿಣ ಕೊರಿಯಾದ ಸ್ಥಳೀಯ ಚುನಾವಣೆ ಪಾಠ ಬಂದ ದಿನ ನಾನು ಪುಸ್ತಕ ತೆಗೆಯುವುದಿಲ್ಲ. ನೋಟ್‌ಬುಕ್ ಹಾಳೆ ಹರಿದು ಚೀಟಿ ಮಾಡಿ ಹಂಚುತ್ತೇನೆ, ಒಬ್ಬೊಬ್ಬರಿಗೆ ಏಳೇಳು. ಅಲ್ಲಿನ ಮತದಾರರ ಕೈಗೆ ಸಾಮಾನ್ಯವಾಗಿ ಬರುವುದೂ ಅಷ್ಟೇ. ಪ್ರಾಂತ್ಯದ ಗವರ್ನರ್, ಊರಿನ ಮೇಯರ್, ಶಿಕ್ಷಣ ಇಲಾಖೆ ಮುಖ್ಯಸ್ಥರು, ಪ್ರಾಂತ್ಯದ ಕೌನ್ಸಿಲ್‌ಗೆ ಒಂದು, ಊರಿನ ಕೌನ್ಸಿಲ್‌ಗೆ ಒಂದು, ಆಮೇಲೆ ಆ ಎರಡೂ ಕೌನ್ಸಿಲ್‌ಗೆ ಬರೀ ಪಕ್ಷ ನೋಡಿ ಹಾಕುವ ಚೀಟಿ ಒಂದೊಂದು. ಎಲ್ಲ ಒಂದೇ ದಿನ.

"ಸರ್, ಇಷ್ಟು ಜನರ ಹೆಸರು ಯಾರಿಗೆ ನೆನಪಿರುತ್ತೆ?" ಅಂತ ಪ್ರತಿ ವರ್ಷ ಯಾರಾದರೂ ಕೇಳೇ ಕೇಳುತ್ತಾರೆ. ಯಾರಿಗೂ ಇರುವುದಿಲ್ಲ. ಅದಕ್ಕೇ ಅಲ್ಲಿ ಹೆಸರಿಗಿಂತ ನಂಬರ್ ಜಾಸ್ತಿ ಕೆಲಸ ಮಾಡುತ್ತದೆ.

ರಾಷ್ಟ್ರೀಯ ಸಂಸತ್ತಿನಲ್ಲಿ ಯಾರ ಸೀಟು ಜಾಸ್ತಿಯೋ ಆ ಪಕ್ಷಕ್ಕೆ 1, ಅದರ ನಂತರದ್ದಕ್ಕೆ 2. 2022ರಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ 1, ನೀಲಿ ಬಣ್ಣ. ಪೀಪಲ್ ಪವರ್ ಪಕ್ಷಕ್ಕೆ 2, ಕೆಂಪು. ಗವರ್ನರ್ ಆಗಲಿ ವಾರ್ಡ್ ಸದಸ್ಯ ಆಗಲಿ, ಇಡೀ ದೇಶದಲ್ಲಿ ಆ ಪಕ್ಷದವರಿಗೆಲ್ಲ ಅದೇ ನಂಬರ್. ಚರಂಡಿ ಸರಿಮಾಡಿಸುವ ಸದಸ್ಯನ ನಂಬರ್ ಕೂಡ ಸಂಸತ್ತಿನ ಲೆಕ್ಕದಿಂದಲೇ ಬರುತ್ತದೆ ಅನ್ನುವುದು ನನಗೆ ಇವತ್ತಿಗೂ ವಿಚಿತ್ರ ಅನಿಸುತ್ತದೆ.

ಊರಿನ ಕೌನ್ಸಿಲ್ ಚೀಟಿಯಲ್ಲಿ ಇನ್ನೊಂದು ಮಜಾ ಇದೆ. 2006ರಿಂದ ಅಲ್ಲಿ ಒಂದು ವಾರ್ಡಿನಿಂದ ಸಾಮಾನ್ಯವಾಗಿ ಎರಡರಿಂದ ನಾಲ್ಕು ಜನ ಗೆಲ್ಲುತ್ತಾರೆ, ಆದರೆ ಮತದಾರ ಒಬ್ಬರಿಗೇ ಒತ್ತಬೇಕು. ಒಂದೇ ಪಕ್ಷದಿಂದ ಇಬ್ಬರು ನಿಂತರೆ ಒಬ್ಬರು 1-ಗಾ, ಇನ್ನೊಬ್ಬರು 1-ನಾ. ಗಾ, ನಾ ಅಂದರೆ ಅವರ ಅಕ್ಷರಮಾಲೆಯ ಮೊದಲೆರಡು, ನಮ್ಮ ಅ, ಆ ಇದ್ದ ಹಾಗೆ. ಇಬ್ಬರ ಪರಿಚಯವೂ ಇಲ್ಲದವರು ಮೇಲಿರುವ 'ಗಾ'ಕ್ಕೇ ಒತ್ತಿ ಬರುವುದು ಜಾಸ್ತಿ. ಹಾಗಾಗಿ ಟಿಕೆಟ್ ಸಿಕ್ಕರೆ ಸಾಲದು, 'ಗಾ' ಸಿಗಬೇಕು.

ಇಲ್ಲಿ ತರಗತಿಯಲ್ಲೇ ಚುನಾವಣೆ ಮಾಡುತ್ತೇವೆ. 40 ಮಕ್ಕಳು, ಎರಡು ಸೀಟಿನ ವಾರ್ಡು. 24 ಜನ ಒಂದನೇ ನಂಬರಿನವರು, 16 ಜನ ಎರಡನೇ ನಂಬರಿನವರು. 24 ಮತವೂ 1-ಗಾಕ್ಕೆ ಬಿದ್ದರೆ ಎರಡನೇ ಸೀಟು 16 ಮತ ಪಡೆದ ಎದುರಾಳಿಗೆ. ಸರಿ, ಜಾಣತನದಿಂದ 12, 12 ಅಂತ ಹಂಚಿಕೊಳ್ಳೋಣ ಅಂದರೆ? ಎದುರು ಪಕ್ಷ ಒಬ್ಬರನ್ನೇ ನಿಲ್ಲಿಸಿದ್ದರೆ ಆತ 16 ಮತ ಪಡೆದು ಮೊದಲನೆಯವನಾಗಿಬಿಡುತ್ತಾನೆ. ಎರಡೂ ಸೀಟು ಬೇಕೆಂದರೆ ಎದುರಾಳಿಗಿಂತ ಎರಡು ಪಟ್ಟಿಗೂ ಜಾಸ್ತಿ ಮತ ಬೇಕು. ಮೂರನೇ ಪಕ್ಷದವರು, ಪಕ್ಷೇತರರು ಇದರ ಮಧ್ಯೆ ಕಣ್ಣಿಗೇ ಬೀಳುವುದಿಲ್ಲ. ಹಿಂದಿನ ಬೆಂಚಿನ ಹುಡುಗ ಒಮ್ಮೆ ಹೇಳಿದ, "ಹಾಗಾದರೆ ಸುಮ್ನೆ ಒಂದೊಂದು ಹಂಚಿಕೊಂಡರೆ ಆಯ್ತಲ್ಲ ಸರ್, ಚುನಾವಣೆ ಯಾಕೆ?"

ಎಷ್ಟೋ ಕಡೆ ಆಗುವುದೂ ಅದೇ. ಎರಡೂ ಪಕ್ಷ ಒಬ್ಬೊಬ್ಬರಿಗೆ ಟಿಕೆಟ್ ಕೊಡುತ್ತವೆ, ಬೇರೆ ಯಾರೂ ನಾಮಪತ್ರ ಹಾಕುವುದಿಲ್ಲ, ಇಬ್ಬರೂ ಅವಿರೋಧ ಆಯ್ಕೆ. 2022ರಲ್ಲಿ ದೇಶದಾದ್ಯಂತ ಎಲ್ಲ ಹುದ್ದೆ ಸೇರಿ ಮತದಾನವೇ ಇಲ್ಲದೆ ಗೆದ್ದವರು ಸುಮಾರು 500 ಜನ. ಅವಿರೋಧ ಅಂತ ಆದ ಮೇಲೆ ಅವರು ಪ್ರಚಾರವನ್ನೂ ಮಾಡುವ ಹಾಗಿಲ್ಲ. ಬ್ಯಾನರಿಲ್ಲ, ಹಾಡು ಹಾಕುವ ಲಾರಿಯಿಲ್ಲ. ತಮ್ಮ ವಾರ್ಡಿನ ಸದಸ್ಯ ಯಾರು ಅಂತ ಜನಕ್ಕೆ ಗೊತ್ತಾಗುವುದಾದರೂ ಹೇಗೆ, ಅಲ್ವಾ?

ಊರಿನವರೇ ಸೇರಿ ಒಂದು ಸ್ಥಳೀಯ ಪಕ್ಷ ಕಟ್ಟಬಾರದೇ? ಕಾನೂನು ಬಿಡುವುದಿಲ್ಲ. ಪಕ್ಷದ ಕೇಂದ್ರ ಕಚೇರಿ ರಾಜಧಾನಿಯಲ್ಲೇ ಇರಬೇಕು, ಕನಿಷ್ಠ 5 ಮಹಾನಗರ ಇಲ್ಲವೇ ಪ್ರಾಂತ್ಯಗಳಲ್ಲಿ ಶಾಖೆ ಬೇಕು, ಒಂದೊಂದರಲ್ಲೂ 1,000 ಸದಸ್ಯರು ಬೇಕು. 2023ರಲ್ಲಿ ಸಾಂವಿಧಾನಿಕ ನ್ಯಾಯಾಲಯದ 9 ನ್ಯಾಯಮೂರ್ತಿಗಳಲ್ಲಿ 5 ಜನ ಈ ಶಾಖೆಗಳ ನಿಯಮ ತಪ್ಪು ಎಂದರು. ರದ್ದಾಗಲು 6 ಬೇಕಿತ್ತು. ಉಳಿಯಿತು. 2012ರ ಅಧ್ಯಕ್ಷ ಚುನಾವಣೆ ಹೊತ್ತಿಗೆ ಪಾರ್ಕ್ ಗ್ಯುನ್-ಹೆ, ಮೂನ್ ಜೇ-ಇನ್, ಆನ್ ಚೊಲ್-ಸು ಈ ಮೂವರು ಪ್ರಮುಖ ಸ್ಪರ್ಧಿಗಳೂ ಊರಿನ ಮಟ್ಟದಲ್ಲಿ ಪಕ್ಷದ ಟಿಕೆಟ್ ಕೊಡುವುದನ್ನೇ ನಿಲ್ಲಿಸುತ್ತೇವೆ ಅಂದಿದ್ದರು. 2014ರ ಸ್ಥಳೀಯ ಚುನಾವಣೆ ಬಂದಾಗ ಎರಡೂ ದೊಡ್ಡ ಪಕ್ಷಗಳು ಟಿಕೆಟ್ ಹಂಚಿದವು.

ಶಿಕ್ಷಣ ಮುಖ್ಯಸ್ಥರ ಚುನಾವಣೆಗೆ ಮಾತ್ರ ಪಕ್ಷವಿಲ್ಲ, ನಂಬರೂ ಇಲ್ಲ. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲೂ ಪಕ್ಷದ ಚಿಹ್ನೆ ಇರುವುದಿಲ್ಲ, ಯಾರು ಯಾವ ಕಡೆ ಅಂತ ಊರಿಗೆಲ್ಲ ಗೊತ್ತಿರುತ್ತದಲ್ಲ, ಅದೇ ಕತೆ.

ಹಾಗಂತ ಎಲ್ಲ ಕಡೆಯೂ ಪೈಪೋಟಿ ಸತ್ತಿದೆ ಅನ್ನಬೇಡಿ. ಅದೇ 2022ರಲ್ಲಿ ಸೋಲ್ ಸುತ್ತಲಿನ ಗ್ಯೊಂಗಿ ಪ್ರಾಂತ್ಯದಲ್ಲಿ ಡೆಮಾಕ್ರಟಿಕ್ ಪಕ್ಷದ ಕಿಮ್ ದೊಂಗ್-ಯಾನ್ ಗವರ್ನರ್ ಆಗಿ ಗೆದ್ದಿದ್ದು ಬರೀ 8,913 ಮತದಿಂದ. ಎಣಿಕೆ ರಾತ್ರಿಯಿಡೀ ನಡೆದು ಬೆಳಗಿನ ಜಾವ ಪಲ್ಟಿ ಹೊಡೆಯಿತು. ಪ್ರಾಂತ್ಯದ ಕೌನ್ಸಿಲ್‌ನಲ್ಲಿ 78-78, ಸಮಸಮ.

ಆದರೆ ಗ್ವಾಂಗ್ಜು ಮತ್ತು ದೇಗು ಮಹಾನಗರಗಳ ಕತೆ ಬೇರೆಯೇ. ಒಂದು ಡೆಮಾಕ್ರಟಿಕ್ ಪಕ್ಷದ ಕೋಟೆ, ಇನ್ನೊಂದು ಪೀಪಲ್ ಪವರ್ ಪಕ್ಷದ್ದು. ಅಲ್ಲಿ ಟಿಕೆಟ್ ಸಿಕ್ಕಿತು ಅಂದರೆ ಗೆದ್ದಂತೆ. ಆ ವರ್ಷ ಎರಡೂ ಕಡೆ ಪ್ರಾಂತ್ಯದ ಕೌನ್ಸಿಲ್‌ಗೆ ಸಮನಾದ ಮಹಾನಗರ ಕೌನ್ಸಿಲ್‌ನ ಕ್ಷೇತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅವಿರೋಧವಾಗಿ ಮುಗಿದವು. ದೇಶದಲ್ಲಿ 50.9% ಮತದಾನ ಆದರೆ ಗ್ವಾಂಗ್ಜುವಿನಲ್ಲಿ 37.7%. ಎಲ್ಲಕ್ಕಿಂತ ಕಡಿಮೆ. ಅವಿರೋಧ ಆಯ್ಕೆಯಾದ ಹುದ್ದೆಗೆ ಚೀಟಿಯನ್ನೇ ಕೊಡುವುದಿಲ್ಲ.

ಪಾಠದಲ್ಲಿ ಇಲ್ಲಿಗೆ ಬಂದಾಗ ನಾನು ಮೊದಲ ಬೆಂಚಿನವರ ಹತ್ತಿರ ಹೋಗಿ, ಕಾರಣ ಹೇಳದೆ, ಏಳರಲ್ಲಿ ಎರಡು ಚೀಟಿ ವಾಪಸ್ ಕಿತ್ತುಕೊಳ್ಳುತ್ತೇನೆ. "ಸರ್, ನಂದು!" ಅಂತ ಜಗಳಕ್ಕೆ ಬರುತ್ತಾರೆ.