ಮೊದಲು ಗಡಿಯಾರ, ಆಮೇಲೆ ಕ್ಷಿಪಣಿ

ಕಾರ್ಗಿಲ್ ಯುದ್ಧದ ಹೊತ್ತಿಗೆ ಅಮೆರಿಕ ನಮಗೆ ಜಿಪಿಎಸ್ ಸ್ವಿಚ್ ಆಫ್ ಮಾಡಿತ್ತು ಎಂಬ ಕಥೆ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಸ್ವಿಚ್ ಒತ್ತುವ ಅಗತ್ಯವೇ ಆಗ ಇರಲಿಲ್ಲ. 1999ರಲ್ಲಿ ಅಮೆರಿಕದ ಸೇನೆಗೆ ಮತ್ತು ಅದು ಒಪ್ಪಿದ ಮಿತ್ರರಿಗೆ ಸಿಗುತ್ತಿದ್ದದ್ದು ಸರಿಯಾದ ಸಿಗ್ನಲ್. ಉಳಿದ ಇಡೀ ಜಗತ್ತಿಗೆ ಬೇಕಂತಲೇ ಕೆಡಿಸಿದ ಸಿಗ್ನಲ್. ಅದರಲ್ಲಿ ಸುಮಾರು 100 ಮೀಟರ್‌ವರೆಗೆ ತಪ್ಪು ಬರುತ್ತಿತ್ತು. ಬೆಟ್ಟದ ಏಣಿನ ಮೇಲಿರುವ ಬಂಕರಿಗೆ ಗುರಿ ಇಡುವವರಿಗೆ 100 ಮೀಟರ್ ಅಂದರೆ ಏಣಿನ ಆಚೆ ಬದಿ. ಅಮೆರಿಕ ಇದನ್ನು ನಿಲ್ಲಿಸಿದ್ದು 2000ದ ಮೇ ತಿಂಗಳಲ್ಲಿ.

ಕೆಡಿಸಿದ್ದು ಹೇಗೆ? ಉಪಗ್ರಹದ ಗಡಿಯಾರವನ್ನು ಒಂಚೂರು ಹಿಂದೆ ಮುಂದೆ ಅಲುಗಾಡಿಸಿ, ಅಷ್ಟೇ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವುದು ಇದೇ. ಜಾಗ ತಪ್ಪಿಸಬೇಕಾದರೆ ಸಮಯ ತಪ್ಪಿಸಿದರೆ ಸಾಕು.

ನಮ್ಮ ಫೋನ್ ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ, ಸುಮ್ನೆ ಕೇಳಿಸಿಕೊಳ್ಳುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ ಸಿಡಿಲು ಎಷ್ಟು ದೂರ ಎಂದು ಲೆಕ್ಕ ಹಾಕುತ್ತೇವಲ್ವಾ, ಹಾಗೆ. ‘ನಾನು ಇಂಥ ಕ್ಷಣಕ್ಕೆ ಹೊರಟೆ’ ಎಂದು ಸಿಗ್ನಲ್ ಹೇಳುತ್ತದೆ. ತಲುಪಲು ಎಷ್ಟು ಹೊತ್ತಾಯಿತೋ ಅದರಿಂದ ದೂರ ಗೊತ್ತಾಗುತ್ತದೆ. ಆದರೆ ಇಲ್ಲಿ ಸಿಗ್ನಲ್ ಓಡುವುದು ಬೆಳಕಿನ ವೇಗದಲ್ಲಿ. ಒಂದು ನ್ಯಾನೋಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್. ಗಡಿಯಾರ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ದೂರ 300 ಮೀಟರ್ ತಪ್ಪುತ್ತದೆ. ಅದಕ್ಕೇ ಉಪಗ್ರಹದಲ್ಲಿ ಪರಮಾಣು ಗಡಿಯಾರ ಇರಬೇಕು. ಫೋನಿನಲ್ಲಿರುವುದು ಅಗ್ಗದ ಗಡಿಯಾರ. ಅದರ ತಪ್ಪನ್ನೂ ಲೆಕ್ಕ ಹಾಕಿ ತೆಗೆಯಬೇಕು. ಅಕ್ಷಾಂಶ, ರೇಖಾಂಶ, ಎತ್ತರ, ಜೊತೆಗೆ ನಮ್ಮ ಗಡಿಯಾರದ ತಪ್ಪು: ಗೊತ್ತಿಲ್ಲದ ಸಂಖ್ಯೆ ನಾಲ್ಕು. ಹಾಗಾಗಿ ಕನಿಷ್ಠ ನಾಲ್ಕು ಉಪಗ್ರಹ ಬೇಕು. ಐನ್‌ಸ್ಟೈನ್ ಕೂಡ ಈ ಲೆಕ್ಕದಲ್ಲಿದ್ದಾರೆ. ಅವರ ಸಾಪೇಕ್ಷತಾ ಸಿದ್ಧಾಂತ ಹೇಳುವಂತೆ ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗೂ ಜಾಸ್ತಿ ತಪ್ಪು.

ಗಡಿಯಾರ ಸೇನೆಯ ಸಾಮಾನಾಗಿದ್ದು ಇವತ್ತಲ್ಲ. 1707ರಲ್ಲಿ ಬ್ರಿಟಿಷ್ ನೌಕಾಪಡೆ ತಾನೆಲ್ಲಿದ್ದೇನೆ ಎಂದು ತಿಳಿಯದೆ ಸಿಲ್ಲಿ ದ್ವೀಪಗಳ ಬಂಡೆಗೆ ಬಡಿಯಿತು. ನಾಲ್ಕು ಹಡಗು ಹೋದವು, ಸಾವಿರಕ್ಕೂ ಹೆಚ್ಚು ಜನ ಸತ್ತರು. ಸಮುದ್ರದಲ್ಲಿ ರೇಖಾಂಶ ಕಂಡುಹಿಡಿಯುವವರಿಗೆ ಬ್ರಿಟನ್ 1714ರಲ್ಲಿ 20,000 ಪೌಂಡ್‌ವರೆಗಿನ ಬಹುಮಾನ ಸಾರಿತು. ಹೊರಟ ಊರಿನ ಸಮಯ ಹಡಗಿನಲ್ಲಿ ಗೊತ್ತಿದ್ದರೆ ಸಾಕು, ಅಲ್ಲಿನ ಸಮಯಕ್ಕೂ ಇಲ್ಲಿನ ಸಮಯಕ್ಕೂ ಇರುವ ವ್ಯತ್ಯಾಸದಿಂದ ರೇಖಾಂಶ ಸಿಗುತ್ತದೆ. ಅದಕ್ಕಾಗಿ ದೊಡ್ಡ ದೊಡ್ಡ ಖಗೋಳಜ್ಞರು ಚಂದ್ರನನ್ನು ನೋಡುತ್ತಾ ಕೂತರು. ಉತ್ತರ ತಂದದ್ದು ಬಡಗಿಯ ಮಗ ಜಾನ್ ಹ್ಯಾರಿಸನ್. ಅವನ ಗಡಿಯಾರ 81 ದಿನದ ಜಮೈಕಾ ಯಾನದಲ್ಲಿ ತಪ್ಪಿದ್ದು ಸುಮಾರು 5 ಸೆಕೆಂಡ್ ಮಾತ್ರ.

ಈಗ ಮಿತ್ರರ ವಿಷಯ. ಭಾರತ 2018ರಲ್ಲಿ ಅಮೆರಿಕದ ಜೊತೆ ಕಾಮ್‌ಕಾಸಾ, 2020ರಲ್ಲಿ ಬೆಕಾ ಒಪ್ಪಂದಕ್ಕೆ ಸಹಿ ಹಾಕಿತು. ಮೊದಲನೆಯದರಿಂದ ಗೂಢಲಿಪಿಯ ಸೇನಾ ಸಂಪರ್ಕ ಸಾಧನ, ಎರಡನೆಯದರಿಂದ ನಕ್ಷೆ ಮತ್ತು ಭೂಮಾಹಿತಿ ಸಿಗುತ್ತದೆ. ಒಳ್ಳೆಯದೇ, ಇಂಥ ಒಪ್ಪಂದ ಬೇಡ ಎನ್ನುವವನಲ್ಲ ನಾನು. ಆದರೆ ಮೈತ್ರಿಯಿಂದಲೇ ಎಲ್ಲ ಆಗುವುದಿಲ್ಲ. ಫಿನ್‌ಲೆಂಡ್, ಎಸ್ಟೋನಿಯಾ ಎರಡೂ ನ್ಯಾಟೋ ದೇಶಗಳು. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎಂಬ ಭರವಸೆ ಅವಕ್ಕಿದೆ. ಆದರೂ 2024ರಲ್ಲಿ ಜಿಪಿಎಸ್ ಅಡಚಣೆಯಿಂದಾಗಿ ಫಿನ್‌ಲೆಂಡಿನ ವಿಮಾನ ಸಂಸ್ಥೆ ಫಿನ್‌ಏರ್ ಎಸ್ಟೋನಿಯಾದ ಟಾರ್ಟುಗೆ ಹೋಗುವ ವಿಮಾನಗಳನ್ನು ಒಂದು ತಿಂಗಳು ನಿಲ್ಲಿಸಬೇಕಾಯಿತು. ಜಿಪಿಎಸ್ ಇಲ್ಲದೆಯೂ ಇಳಿಯುವ ವ್ಯವಸ್ಥೆ ಆದ ಮೇಲೆಯೇ ಮತ್ತೆ ಹಾರಾಟ. ಉಪಗ್ರಹದ ಸಿಗ್ನಲ್ ನೆಲ ಮುಟ್ಟುವಾಗ ಅತಿ ಕ್ಷೀಣವಾಗಿರುತ್ತದೆ, ಅದನ್ನು ಗದ್ದಲದಲ್ಲಿ ಮುಳುಗಿಸಲು ದೊಡ್ಡ ಯಂತ್ರವೇನೂ ಬೇಕಾಗಿಲ್ಲ.

ಅದಕ್ಕೇ ಜಿಪಿಎಸ್‌ನಂತೆ ಜಾಗ ಹೇಳುವ ನಮ್ಮದೇ ಉಪಗ್ರಹ ವ್ಯವಸ್ಥೆ ನಾವಿಕ್ ಮುಖ್ಯ. ಅದರಲ್ಲಿ ಸೇನೆಗೆ ಗೂಢಲಿಪಿಯ ಪ್ರತ್ಯೇಕ ಸಿಗ್ನಲ್ ಇದೆ, ಅದನ್ನು ನಕಲು ಮಾಡಿ ಮೋಸ ಮಾಡುವುದು ಕಷ್ಟ. ಬೆಂಗಳೂರು ಪಕ್ಕದ ಬ್ಯಾಲಾಳುವಿನಲ್ಲಿ ಅದರ ನ್ಯಾವಿಗೇಷನ್ ಕೇಂದ್ರ ಇದೆ. ಮೊದಲ ಉಪಗ್ರಹ ಹಾರಿದ್ದು 2013ರಲ್ಲಿ. ಅದರಲ್ಲಿದ್ದ ಮೂರು ರುಬಿಡಿಯಂ ಪರಮಾಣು ಗಡಿಯಾರಗಳು ಯುರೋಪಿನಿಂದ ತರಿಸಿದವು. ಮೂರೂ ಕೆಟ್ಟವು. ಉಪಗ್ರಹ ಗಟ್ಟಿಮುಟ್ಟಾಗಿದ್ದರೂ ಜಾಗ ಹೇಳುವ ಕೆಲಸಕ್ಕೆ ಬಾರದಾಯಿತು. ಆಮೇಲೆ ಅಹಮದಾಬಾದಿನ ಇಸ್ರೋ ಕೇಂದ್ರದವರು ಸ್ವಂತ ರುಬಿಡಿಯಂ ಗಡಿಯಾರ ಮಾಡಿದರು. 2023ರ ಮೇ 29ರಂದು ಅದು ನಾವಿಕ್‌ನ ಹೊಸ ಸಾಲಿನ ಮೊದಲ ಉಪಗ್ರಹ ಎನ್‌ವಿಎಸ್-01ರಲ್ಲಿ ಮೇಲೇರಿತು. ನಮ್ಮ ಟಿವಿ ಚಾನೆಲ್‌ಗಳು ಇದಕ್ಕೆ ಒಂದು ಕ್ಷಿಪಣಿ ಪರೀಕ್ಷೆಗೆ ಕೊಡುವಷ್ಟು ಹೊತ್ತನ್ನಾದರೂ ಕೊಡಬೇಕಿತ್ತು.

2025ರ ಜನವರಿಯಲ್ಲಿ ಎನ್‌ವಿಎಸ್-02 ಕೂಡ ಹಾರಿತು. ಒಂದು ವಾಲ್ವ್ ತೆರೆಯದೆ ತನ್ನ ಕಕ್ಷೆಗೆ ಹೋಗಲಾಗಲಿಲ್ಲ. ಅದೂ ಸೇರಿ 11 ನಾವಿಕ್ ಉಪಗ್ರಹ ಹಾರಿಸಿದ್ದೆವು. ಜಾಗ ಹೇಳುವ ಸೇವೆ ಕೊಡುತ್ತಿರುವುದು ನಾಲ್ಕು ಎಂದು 2025ರ ಜುಲೈನಲ್ಲಿ ಸರಕಾರ ಸಂಸತ್ತಿಗೆ ತಿಳಿಸಿತು. ನಾಲ್ಕು ಅಂದರೆ ಲೆಕ್ಕಕ್ಕೆ ಬೇಕಾದ ಕನಿಷ್ಠ. ಅದರಲ್ಲಿ ಒಂದರ ಗಡಿಯಾರ ನಿಂತರೂ ನಾವಿಕ್ ಒಂದನ್ನೇ ನಂಬಿದ ರಿಸೀವರಿಗೆ ಪೂರ್ತಿ ಲೆಕ್ಕ ಸಿಗುವುದಿಲ್ಲ, ಮತ್ತೆ ಬೇರೆ ದೇಶದ ಉಪಗ್ರಹಗಳ ಕಡೆಗೇ ತಿರುಗಬೇಕಾಗುತ್ತದೆ. ಎನ್‌ವಿಎಸ್ ಸಾಲಿನ ಉಳಿದ ಉಪಗ್ರಹಗಳನ್ನು ರಕ್ಷಣಾ ಬಜೆಟ್ಟಿನ ಚರ್ಚೆಯಲ್ಲಿ ಯುದ್ಧವಿಮಾನದಷ್ಟೇ ಗಟ್ಟಿಯಾಗಿ ಕೇಳಬೇಕಾದ್ದು ಈ ಕಾರಣಕ್ಕೆ.