ಪರದೆಗೆ ಕನ್ನಡ, ಟರ್ಮಿನಲ್‌ಗೆ ಇಂಗ್ಲಿಷ್

ಲಿನಕ್ಸ್ ವ್ಯವಸ್ಥೆಯನ್ನು ಕನ್ನಡದಲ್ಲಿ ಬಳಸುವುದೋ ಇಂಗ್ಲಿಷಿನಲ್ಲೋ ಎಂದು ಕೇಳುವವರು ಯಾವುದಾದರೂ ಒಂದನ್ನೇ ಆರಿಸಬೇಕೆಂದು ತಿಳಿದಿರುತ್ತಾರೆ. ಹಾಗೇನೂ ಇಲ್ಲ. ಸಂದೇಶಗಳ ಭಾಷೆ, ದಿನಾಂಕದ ರೂಪ, ಅಕಾರಾದಿ ಜೋಡಣೆ, ಒಂದೊಂದಕ್ಕೂ ಬೇರೆ ಬೇರೆ ಸೆಟ್ಟಿಂಗ್ ಇದೆ.

ಪ್ರೋಗ್ರಾಮಿನಲ್ಲಿ ಅನುವಾದಕ್ಕೆಂದು ಗುರುತು ಮಾಡಿದ ಇಂಗ್ಲಿಷ್ ಸಾಲುಗಳನ್ನು ಅನುವಾದದ ಉಪಕರಣವಾದ ಗೆಟ್‌ಟೆಕ್ಸ್ಟ್ ಹೆಕ್ಕಿ ಕೊಡುತ್ತದೆ. ಅನುವಾದಕರ ಕೈಗೆ ಬರುವುದು ಪಿಒ ಕಡತ: ಪ್ರತಿ ಸಾಲಿನ ಕೆಳಗೆ ಕನ್ನಡಕ್ಕೊಂದು ಖಾಲಿ ಜಾಗ. ಖಾಲಿ ಬಿಟ್ಟದ್ದು ಪರದೆಯಲ್ಲಿ ಇಂಗ್ಲಿಷಾಗಿಯೇ ಕಾಣುತ್ತದೆ. ಹೊಸ ಆವೃತ್ತಿಯಲ್ಲಿ ಮೂಲ ಸಾಲು ತುಸು ಬದಲಾದರೂ ಹಳೆಯ ಕನ್ನಡಕ್ಕೆ ‘ಫಝಿ’, ಅಂದರೆ ಮತ್ತೆ ನೋಡಬೇಕಾದದ್ದು ಎಂಬ ಗುರುತು ಬೀಳುತ್ತದೆ. ಯಾರಾದರೂ ನೋಡಿ ಆ ಗುರುತು ತೆಗೆಯುವವರೆಗೆ ಅದು ಬಳಕೆಗೆ ಬರುವುದಿಲ್ಲ. ಪೂರ್ತಿ ಮುಗಿದಿದ್ದ ಅನುವಾದ ಮುಂದಿನ ಬಿಡುಗಡೆಯಲ್ಲಿ ಅರೆಬರೆಯಾಗುವುದು ಇದರಿಂದಲೇ.

ಪಾರಿಭಾಷಿಕ ಪದಗಳ ಬಗ್ಗೆ ಜಗಳ ಹೆಚ್ಚು, ಆದರೆ ಕನ್ನಡವನ್ನು ನಿಜಕ್ಕೂ ಕೆಡಿಸುವುದು ವಿಭಕ್ತಿ. ಕಡತದ ಹೆಸರು ಬರುವ ಕಡೆ ಮೂಲದಲ್ಲಿ ‘%ಎಸ್’ ಎಂಬ ಸ್ಥಾನಸೂಚಕ ಇರುತ್ತದೆ. ಅಲ್ಲಿಗೆ ‘ಲೆಕ್ಕ’ ಬಂದರೆ ‘ಲೆಕ್ಕವನ್ನು’ ಆಗಬೇಕು, ‘ಪಟ್ಟಿ’ ಬಂದರೆ ‘ಪಟ್ಟಿಯನ್ನು’. ಪ್ರೋಗ್ರಾಮಿಗೆ ಸಂಧಿ ಗೊತ್ತಿಲ್ಲ. ಪ್ರತ್ಯಯವನ್ನು ನೇರ ಅಂಟಿಸಿದರೆ ‘ಪಟ್ಟಿಅನ್ನು’ ಎಂದು ಬರುತ್ತದೆ. ಆದ್ದರಿಂದ ‘“%ಎಸ್” ಎಂಬ ಕಡತವನ್ನು ತೆರೆಯಲಾಗಲಿಲ್ಲ’ ಎಂದು ಬರೆಯಬೇಕು; ಆಗ ಪ್ರತ್ಯಯ ನಮಗೆ ಗೊತ್ತಿರುವ ಪದಕ್ಕೇ ಹತ್ತುತ್ತದೆ.

ಸ್ಥಾನಸೂಚಕ ಎರಡಿದ್ದು ಕನ್ನಡದಲ್ಲಿ ಕ್ರಮ ತಿರುಗುವುದಾದರೆ ‘%1$ಎಸ್’, ‘%2$ಎಸ್’ ಎಂದು ಸಂಖ್ಯೆ ಕೊಡಲೇಬೇಕು. ಕೊಡದೆ ಹೋದರೆ? ಒಂದು ಅಂಕಿಯ ಜಾಗ, ಇನ್ನೊಂದು ಪಠ್ಯದ ಜಾಗ ಆಗಿದ್ದರೆ ಪ್ರೋಗ್ರಾಮೇ ಕುಸಿಯಬಹುದು. ಪರಿಶೀಲನಾ ಉಪಕರಣ ಇದನ್ನು ಹಿಡಿಯುತ್ತದೆ. ಎರಡೂ ಪಠ್ಯವೇ ಆದರೆ ಹಿಡಿಯುವುದಿಲ್ಲ. ಆಗ ಯಾವ ಕಡತ ಯಾವುದರ ಮೇಲೆ ನಕಲಾಗುತ್ತದೆ ಎಂದು ಹೇಳುವ ಸಂದೇಶವೇ ತಿರುಗುಮುರುಗಾಗಿ, ಅದನ್ನು ನಂಬಿದವರು ಬೇಕಾದ ಕಡತವನ್ನು ಕಳೆದುಕೊಳ್ಳಬಹುದು. ನನ್ನ ಮಟ್ಟಿಗೆ ಅನುವಾದದ ಅತಿ ಅಪಾಯದ ತಪ್ಪು ಇದು. ಪ್ರೋಗ್ರಾಮನ್ನು ಓಡಿಸಿ, ಆ ಸಂದೇಶ ಬರುವ ಹಾಗೆ ಮಾಡಿ ಓದಿಯೇ ನೋಡಬೇಕು. ಹಾಗೆ ನೋಡುವಾಗ ಎತ್ತರ ಸಾಲದ ಗುಂಡಿಗಳಲ್ಲಿ ಒತ್ತಕ್ಷರದ ಬುಡ ಕತ್ತರಿಸಿಹೋಗಿರುವುದೂ ಕಣ್ಣಿಗೆ ಬೀಳುತ್ತದೆ.

ಇಂಗ್ಲಿಷನ್ನೇ ಉಳಿಸಿಕೊಳ್ಳಬೇಕಾದ ಕಡೆಗಳೂ ಇವೆ. ಲಿನಕ್ಸ್ ಕರ್ನಲ್ಲಿನ, ಅಂದರೆ ವ್ಯವಸ್ಥೆಯ ತಿರುಳಿನ, ಸಂದೇಶಗಳು ಅನುವಾದವಾಗುವುದಿಲ್ಲ. ಅದರ ಬರಿಯ ಪಠ್ಯ ಕನ್ಸೋಲ್ ಒಮ್ಮೆಗೆ 512 ಅಕ್ಷರಚಿತ್ರಗಳನ್ನಷ್ಟೇ ಇಟ್ಟುಕೊಳ್ಳಬಲ್ಲದು, ಒತ್ತು-ಗುಣಿತ ಜೋಡಿಸುವ ಶಕ್ತಿ ಅದಕ್ಕಿಲ್ಲ. ಇನ್ನು ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ಲಿನಲ್ಲಿ ದೋಷ ಹುಡುಕುವಾಗ ಆದೇಶದ ಮುಂದೆ ‘ಎಲ್‌ಸಿ_ಆಲ್=ಸಿ’ (LC_ALL=C) ಎಂದು ಹಾಕಿದರೆ ಆ ಒಂದು ಆದೇಶ ಮಾತ್ರ ಇಂಗ್ಲಿಷಿನಲ್ಲಿ ಉತ್ತರಿಸುತ್ತದೆ, ಮಿಕ್ಕದ್ದೆಲ್ಲ ಕನ್ನಡದಲ್ಲೇ ಇರುತ್ತದೆ. ಉತ್ತರದಲ್ಲಿ ನಿರ್ದಿಷ್ಟ ಪದ ಹುಡುಕುವ, ಆದೇಶಗಳನ್ನು ಸಾಲಾಗಿ ಬರೆದಿಟ್ಟ ಸ್ಕ್ರಿಪ್ಟ್‌ಗಳಿಗೂ ಇದು ಬೇಕು. ಇಲ್ಲದಿದ್ದರೆ ಅನುವಾದವಾದ ದಿನ ಅವು ಸುಮ್ಮನೆ ನಿಂತುಬಿಡುತ್ತವೆ.

ಭಾಷೆ ಬದಲಿಸಿ ಲಾಗಿನ್ ಆದಾಗ ಗ್ನೋಮ್ ಎಂಬ ಡೆಸ್ಕ್‌ಟಾಪ್ ಪರಿಸರ, ಡೌನ್‌ಲೋಡ್ಸ್‌ನಂಥ ಫೋಲ್ಡರ್‌ಗಳ ಹೆಸರನ್ನೂ ಬದಲಿಸಲೇ ಎಂದು ಕೇಳುತ್ತದೆ. ಟರ್ಮಿನಲ್ ಬಳಸುವವರು ಹಳೆಯ ಹೆಸರನ್ನೇ ಉಳಿಸಿಕೊಳ್ಳುವುದು ಒಳ್ಳೆಯದು: ಆ ಹಾದಿಗಳನ್ನು ನೆಚ್ಚಿಕೊಂಡ ಸ್ಕ್ರಿಪ್ಟ್‌ಗಳು ಮುರಿಯುವುದಿಲ್ಲ, ಪ್ರತಿ ಸಲ ಕೀಲಿಮಣೆ ಬದಲಿಸುವ ಕೆಲಸವೂ ಇರುವುದಿಲ್ಲ.